ಗೂಟದ ಕಾರು ಬಂದರೂ ಬಾರದಿದ್ದರೂ

ಸಂಪುಟ ವಿಸ್ತರಣೆಯ ಸುದ್ದಿ ಎದ್ದಾಗಲೆಲ್ಲ ಭಟ್ಕಳದಿಂದ ಕುಮಟೆಯವರೆಗೆ ಒಂದೇ ರಾಗ. ನಮ್ಮ ಕಡೆಗೊಂದು ಮಂತ್ರಿಗಿರಿ ಬೇಕು. ಇದ್ದ ಮಂತ್ರಿ ಸಾಲದು, ಗಟ್ಟಿ ಖಾತೆ ಬೇಕು. ಗಟ್ಟಿ ಖಾತೆ ಸಿಕ್ಕಿದರೆ ಉಸ್ತುವಾರಿಯೂ ಅವರಿಗೇ ಇರಬೇಕು. ಆಸ್ಪತ್ರೆ ಇಲ್ಲವೇ? ಮಂತ್ರಿ ಇರಲಿಲ್ಲ. ಅಳಿವೆಯಲ್ಲಿ ಹೂಳು ತುಂಬಿತೇ? ಮಂತ್ರಿಗೆ ತಾಕತ್ತಿರಲಿಲ್ಲ. ಹೆದ್ದಾರಿ ಅರ್ಧಕ್ಕೆ ನಿಂತಿತೇ? ಮಂತ್ರಿ ಬೇರೆ ಊರಿನವರು. ಚಹಾದಂಗಡಿಯಲ್ಲಿ ಹೇಳುವ ಈ ಮಾತೇ ಸಮಾಜದ ಸಭೆಯಲ್ಲಿ ಭಾಷಣವಾಗುತ್ತದೆ, ಸ್ಥಳೀಯ ಪತ್ರಿಕೆಯಲ್ಲಿ ಸಂಪಾದಕೀಯವಾಗುತ್ತದೆ, ಕೊನೆಗೆ ಬೆಂಗಳೂರಿಗೆ ಹೊರಡುವ ನಿಯೋಗದ ಮನವಿ ಪತ್ರದಲ್ಲಿ ಮೊದಲ ಸಾಲಾಗಿ ಕೂರುತ್ತದೆ.

ಈ ಮಾತು ಸುಳ್ಳು. ಅದೂ ಎಲ್ಲರಿಗೂ ಅನುಕೂಲವಾದ ಸುಳ್ಳು. ಗೆದ್ದವರು ‘ಖಾತೆ ಕೊಡಲಿಲ್ಲ’ ಎಂದು ಕೈ ತೊಳೆದುಕೊಳ್ಳಬಹುದು. ಸೋತವರು ‘ನನ್ನನ್ನು ಗೆಲ್ಲಿಸಿದ್ದರೆ ಮಂತ್ರಿಯಾಗುತ್ತಿದ್ದೆ’ ಎನ್ನಬಹುದು. ಮತ ಹಾಕಿ ಐದು ವರ್ಷ ಮಗ್ಗುಲು ಬದಲಿಸುವ ನಮಗಂತೂ ಇದಕ್ಕಿಂತ ಸುಖದ ನೆಪ ಬೇರೆ ಇಲ್ಲ.

ಮೊದಲಿಗೆ, ನಮಗೆ ಮಂತ್ರಿಗಳ ಬರಗಾಲ ಇತ್ತೆಂಬ ಮಾತನ್ನೇ ನೋಡೋಣ. ಭಟ್ಕಳದ ಹೆದ್ದಾರಿಯಲ್ಲಿ ಬಸ್ಸು ಇಳಿಯುವವರೆಲ್ಲ ಶಂಶುದ್ದೀನ್ ಸರ್ಕಲ್ ಎನ್ನುತ್ತಾರೆ. ಆ ಹೆಸರು ಜುಕಾಕು ಶಂಶುದ್ದೀನ್ ಅವರದು. ರಾಜ್ಯಕ್ಕಿನ್ನೂ ಮೈಸೂರು ಎಂಬ ಹೆಸರಿದ್ದ ಕಾಲದಲ್ಲೇ ಮಂತ್ರಿಮಂಡಲ ಸೇರಿದ್ದವರು. ಆಮೇಲೆ ಅದೇ ಭಟ್ಕಳದ ಎಸ್.ಎಂ. ಯಾಹ್ಯಾ ದೇವರಾಜ ಅರಸರ ಸಂಪುಟದಲ್ಲಿದ್ದರು. ಆರ್.ಎನ್. ನಾಯ್ಕ ಕಾಂಗ್ರೆಸ್ಸಿನಿಂದ ಮಂತ್ರಿಯಾದರು, ಶಿವಾನಂದ ನಾಯ್ಕ ಬಿಜೆಪಿಯಿಂದ ಮಂತ್ರಿಯಾದರು. ಉತ್ತರ ಕನ್ನಡ ಜಿಲ್ಲೆಯ ಲೆಕ್ಕ ಹಿಡಿದರೆ ಸಾಲು ಇನ್ನೂ ಉದ್ದವಾಗುತ್ತದೆ: ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಹಳಿಯಾಳದ ಆರ್.ವಿ. ದೇಶಪಾಂಡೆ ವರ್ಷಗಟ್ಟಲೆ ಕೈಗಾರಿಕಾ ಮಂತ್ರಿ, ವಿಶ್ವೇಶ್ವರ ಹೆಗಡೆ ಕಾಗೇರಿ ಶಿಕ್ಷಣ ಮಂತ್ರಿ, ಆಮೇಲೆ ವಿಧಾನಸಭೆಯ ಅಧ್ಯಕ್ಷ, ಆನಂದ ಅಸ್ನೋಟಿಕರ್ ಮೀನುಗಾರಿಕಾ ಮಂತ್ರಿ, ಶಿವರಾಮ ಹೆಬ್ಬಾರ ಕಾರ್ಮಿಕ ಮಂತ್ರಿ, ಅನಂತಕುಮಾರ ಹೆಗಡೆ ದಿಲ್ಲಿಯಲ್ಲಿ ಕೌಶಲಾಭಿವೃದ್ಧಿಯ ರಾಜ್ಯಮಂತ್ರಿ. ಗೂಟದ ಕಾರುಗಳು ಈ ರಸ್ತೆಯಲ್ಲಿ ಸಾಕಷ್ಟು ಓಡಾಡಿವೆ. ರಸ್ತೆ ಮಾತ್ರ ನಮಗೆಲ್ಲ ಗೊತ್ತಿರುವ ಸ್ಥಿತಿಯಲ್ಲಿದೆ.

‘ಅವರೆಲ್ಲ ಬೇರೆ, ನಮ್ಮವರೇ ಬೇಕು, ನಮ್ಮ ಕಷ್ಟ ಗೊತ್ತಿದ್ದವರೇ ಬೇಕು’ ಎನ್ನುವವರಿಗೆ 2023 ಸರಿಯಾದ ಪರೀಕ್ಷೆಯನ್ನು ಒಡ್ಡಿತು. ಮಂಕಾಳ ಸುಬ್ಬ ವೈದ್ಯ 2013ರಲ್ಲಿ ಪಕ್ಷೇತರರಾಗಿ ಭಟ್ಕಳ ಗೆದ್ದವರು. ಯಾವ ದೊಡ್ಡ ಪಕ್ಷದ ಚಿಹ್ನೆಯೂ ಇಲ್ಲದೆ ಈ ಕ್ಷೇತ್ರದಲ್ಲಿ ಗೆಲ್ಲುವುದು ಸಣ್ಣ ಸಂಗತಿಯಲ್ಲ. 2018ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸುನಿಲ್ ನಾಯ್ಕರೆದುರು ಸೋತರು. 2023ರಲ್ಲಿ ಅದೇ ಎದುರಾಳಿಯನ್ನು 32 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮೇ 27ರಂದು ಪ್ರಮಾಣವಚನ. ಖಾತೆ ಮೀನುಗಾರಿಕೆ, ಬಂದರು ಮತ್ತು ಒಳನಾಡು ಜಲಸಾರಿಗೆ. ಜತೆಗೆ ಉತ್ತರ ಕನ್ನಡದ ಉಸ್ತುವಾರಿ.

ಇದಕ್ಕಿಂತ ಸರಿಯಾದ ಜೋಡಣೆಯನ್ನು ಯಾರೂ ಬರೆದು ಕೊಡಲಾರರು. ಮೀನುಗಾರ ಸಮುದಾಯದಿಂದ ಬಂದವರು, ಮೀನುಗಾರರ ಕ್ಷೇತ್ರದಿಂದ ಗೆದ್ದವರು, ಮೀನುಗಾರಿಕೆಯ ಖಾತೆ ಹಿಡಿದವರು. ಅವರ ಕ್ಷೇತ್ರದ ಉತ್ತರದ ಅಂಚಿನಲ್ಲಿ ಹೊನ್ನಾವರದ ಶರಾವತಿ ಅಳಿವೆ, ಅಳಿವೆಯ ದಂಡೆಯಲ್ಲಿ ಕಾಸರಕೋಡು ಟೊಂಕ. ‘ನಮ್ಮವರು ಮಂತ್ರಿಯಾದರೆ ಸಾಕು’ ಎಂಬ ಸಿದ್ಧಾಂತ ನಿಜವಾಗಿದ್ದರೆ ಅದು ಗೆಲ್ಲಬೇಕಾದ ಜಾಗ ಟೊಂಕವೇ.

ಟೊಂಕವನ್ನು ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಒಂದು ಕಡೆ ಕಡಲು, ಇನ್ನೊಂದು ಕಡೆ ಶರಾವತಿ, ನಡುವೆ ಉದ್ದಕ್ಕೆ ಚಾಚಿದ ಮರಳಿನ ದಿಣ್ಣೆ. ಮಳೆಗಾಲ ಬಿಟ್ಟರೆ ಆ ಮರಳ ಮೇಲೆಲ್ಲ ಮೀನು ಒಣಗುತ್ತಿರುತ್ತದೆ. ಬೆಳಗಿನ ಬೋಟಿನಿಂದ ಬಂದ ಮೀನನ್ನು ಹೆಂಗಸರು ಸೀಳಿ, ಉಪ್ಪಿನಲ್ಲಿ ಹಾಕಿ, ಹಳೆಯ ಬಲೆ ಹಾಸಿ ಅದರ ಮೇಲೆ ಹರಡುತ್ತಾರೆ. ಬಿಸಿಲೇರಿದಾಗ ಒಮ್ಮೆ ಬಗ್ಗಿ ಮಗುಚುತ್ತಾರೆ, ಕಾಗೆ ಓಡಿಸುತ್ತಾರೆ, ಮೋಡ ಕಂಡರೆ ಓಡಿ ಬಂದು ಒಟ್ಟುಮಾಡುತ್ತಾರೆ. ಉಪ್ಪು ಅಂಗೈಯ ಸೀಳುಗಳಲ್ಲಿ ಹೊಕ್ಕು ವರ್ಷಗಟ್ಟಲೆ ಹೋಗುವುದಿಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಕರಾವಳಿಯ ಮನೆಗೂ ಘಟ್ಟದ ಮೇಲಿನ ಮನೆಗೂ ಅನ್ನದ ಜತೆ ಸೇರುವುದು ಈ ಮರಳಲ್ಲಿ ಒಣಗಿದ ಮೀನು. ಚಳಿಗಾಲದ ರಾತ್ರಿಗಳಲ್ಲಿ ಅದೇ ಮರಳಿಗೆ ಕಡಲಾಮೆ ಬಂದು ಮೊಟ್ಟೆ ಇಡುತ್ತದೆ. ಇದೇ ಕಾಸರಕೋಡಿನ ಇನ್ನೊಂದು ತುದಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಒಂದೇ ಊರಿನ ಒಂದು ತುದಿಯಲ್ಲಿ ತೀರ ಸ್ವಚ್ಛವಾಗಿರಬೇಕೆಂಬ ನಿಯಮ, ಇನ್ನೊಂದು ತುದಿಯಲ್ಲಿ ವಾಣಿಜ್ಯ ಬಂದರಿನ ಯೋಜನೆ.

ಆ ಬಂದರಿನ ಒಪ್ಪಂದವಾದದ್ದು 2010ರಲ್ಲಿ, ಖಾಸಗಿ ಕಂಪನಿಯೊಂದಿಗೆ. ಆಗ ಬಿಜೆಪಿ ಸರ್ಕಾರ. 2013ರಲ್ಲಿ ಕಾಂಗ್ರೆಸ್ ಬಂತು, 2018ರಲ್ಲಿ ಸಮ್ಮಿಶ್ರ, 2019ರಲ್ಲಿ ಮತ್ತೆ ಬಿಜೆಪಿ, 2023ರಲ್ಲಿ ಮತ್ತೆ ಕಾಂಗ್ರೆಸ್. ಮೀನುಗಾರಿಕಾ ಮಂತ್ರಿಗಳು ಎಷ್ಟು ಮಂದಿ ಬಂದು ಹೋದರೋ. ಒಪ್ಪಂದ ಮಾತ್ರ ಕದಲಲಿಲ್ಲ. ಮೀನುಗಾರರೂ ಕದಲಲಿಲ್ಲ. 2024ರ ಜನವರಿ ಕೊನೆಗೆ ಬಂದರಿನ ರಸ್ತೆಗಾಗಿ ಪೊಲೀಸ್ ಬಂದೋಬಸ್ತ್ ಸಮೇತ ಅಧಿಕಾರಿಗಳು ಬಂದಾಗ ಟೊಂಕದ ಹೆಂಗಸರು ಅಡ್ಡ ನಿಂತರು. 2025ರ ಫೆಬ್ರುವರಿಯಲ್ಲಿ ನಿಷೇಧಾಜ್ಞೆಯ ನಡುವೆ ಅದೇ ನಾಟಕ ಮತ್ತೊಮ್ಮೆ ನಡೆಯಿತು. ಎರಡೂ ಸಲ ಬಂದರು ಖಾತೆ ಇದೇ ಕ್ಷೇತ್ರದ ಶಾಸಕರ ಕೈಯಲ್ಲಿತ್ತು.

ಇದನ್ನು ಓದಿ ಮಂಕಾಳ ವೈದ್ಯರ ಮೇಲೆ ಹರಿಹಾಯಲು ಸಿದ್ಧರಾಗುವವರು ಸ್ವಲ್ಪ ತಡೆಯಲಿ. ನನ್ನ ತಕರಾರು ಆ ಮನುಷ್ಯನೊಂದಿಗಲ್ಲ. ಅವರ ಜಾಗದಲ್ಲಿ ನೀವು ಮೆಚ್ಚುವ ಯಾರನ್ನಾದರೂ ಕೂರಿಸಿ. ಸರ್ಕಾರ ಸಹಿ ಮಾಡಿದ ಒಪ್ಪಂದ, ನ್ಯಾಯಾಲಯದ ಆದೇಶಗಳು, ರಾಜ್ಯದ ಬಂದರು ನೀತಿ, ಬಂದರಿನಿಂದ ಆದಾಯ ಬಯಸುವ ಸಂಪುಟ, ಇವೆಲ್ಲದರ ನಡುವೆ ಕೂತ ಮಂತ್ರಿ ತನ್ನ ಊರಿನವನಾಗಿ ಮಾತಾಡುವುದಿಲ್ಲ, ಸರ್ಕಾರವಾಗಿ ಮಾತಾಡುತ್ತಾನೆ. ಪ್ರಮಾಣವಚನದ ದಿನ ಆತ ಒಪ್ಪಿಕೊಳ್ಳುವುದೇ ಅದನ್ನು. ಸರ್ಕಾರದ ವಿರುದ್ಧ ಅಡ್ಡ ನಿಲ್ಲಬೇಕಾದ ಮನುಷ್ಯನನ್ನು ಸರ್ಕಾರದ ಒಳಗೇ ಕೂರಿಸಿ ‘ಈಗ ನಮಗೆ ಒಳ್ಳೆಯದಾಯಿತು’ ಎಂದು ಪಟಾಕಿ ಹೊಡೆಯುವವರು ನಾವು. ಶಾಸಕರಾಗಿಯೇ ಉಳಿದಿದ್ದರೆ ಟೊಂಕದಲ್ಲಿ ಧರಣಿಗೆ ಕೂರಲು ಅವರಿಗೆ ಯಾವ ಅಡ್ಡಿಯೂ ಇರುತ್ತಿರಲಿಲ್ಲ. ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರಿನ ವಿರುದ್ಧ ಎದ್ದ ಮೀನುಗಾರರೂ ಈಗ ಇದೇ ಪಾಠ ಕಲಿಯುತ್ತಿದ್ದಾರೆ.

ಬಂದರಿನ ಆಚೆಗೂ ಇದೇ ಕಥೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಗಂಗಾವಳಿಯನ್ನೂ ಹೊಕ್ಕಿತು. ಉಸ್ತುವಾರಿ ಮಂತ್ರಿ ಸ್ಥಳಕ್ಕೆ ಬಂದರು, ಹೆದ್ದಾರಿ ಕಂಪನಿಯನ್ನು ಬಹಿರಂಗವಾಗಿಯೇ ತರಾಟೆಗೆ ತೆಗೆದುಕೊಂಡರು. ನಿಜವೇ. ಆದರೆ ಗುಡ್ಡವನ್ನು ಹೇಗೆ ಕಡಿಯಬೇಕೆಂದು ನಿರ್ಧರಿಸಿದ್ದು ದಿಲ್ಲಿಯ ಹೆದ್ದಾರಿ ಪ್ರಾಧಿಕಾರ, ಕಡಿದದ್ದು ಗುತ್ತಿಗೆದಾರ. ಗೋವಾ ಗಡಿಯಿಂದ ಕುಂದಾಪುರದವರೆಗೆ ಹತ್ತು ವರ್ಷಗಳ ಕಾಲ ಗುಡ್ಡದ ಬುಡ ಕಡಿಯುವುದನ್ನು ಬಸ್ಸಿನ ಕಿಟಕಿಯಿಂದ ನಾವೆಲ್ಲ ನೋಡುತ್ತಲೇ ಇದ್ದೆವು. ಮಣ್ಣು ಬಿದ್ದ ಮೇಲೆ ಮಂತ್ರಿ ಬರಬಲ್ಲ. ಬೀಳುವ ಮೊದಲು ‘ಈ ಇಳಿಜಾರು ತೀರ ಕಡಿದಾಗಿದೆ’ ಎಂದು ಬರೆದು ಕೊಡಬೇಕಾದ ಎಂಜಿನಿಯರ್, ಅದನ್ನು ಕೇಳಿ ಕೆಲಸ ನಿಲ್ಲಿಸಬೇಕಾದ ಜಿಲ್ಲಾಡಳಿತ ಎಲ್ಲಿತ್ತೆಂದು ಯಾರೂ ಕೇಳಲಿಲ್ಲ. ಮಂತ್ರಿ ಬಂದರೋ ಇಲ್ಲವೋ ಎಂಬುದರ ಮೇಲೇ ವಾದ ನಡೆಯಿತು.

ಹಾಗಾದರೆ ಸರ್ಕಾರದಿಂದ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕಿಗೆ ಏನೂ ಆಗಲಿಲ್ಲವೇ? ಆಗಿದೆ, ಬೇಕಾದಷ್ಟು. ಮಾಡಿದವರು ಯಾರು ಎನ್ನುವುದೇ ಮೇಲಿನ ರಾಗವನ್ನು ಕೆಡಿಸುತ್ತದೆ.

ಗೇಣಿ ಪದ್ಧತಿ ಬೇರೂರಿದ್ದ ಜಿಲ್ಲೆ ನಮ್ಮದು. 1974ರ ಮಾರ್ಚ್ ಒಂದರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ಅದರ ಭೂ ನ್ಯಾಯಮಂಡಳಿಗಳು ಇಲ್ಲಿನ ಸಾವಿರಾರು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದವು. ಇಂದಿಗೂ ಹಳೆಯ ಮಂದಿ ‘ಡಿಕ್ಲರೇಶನ್ ಹಾಕಿದ ವರ್ಷ’ ಎಂದೇ ಕಾಲ ಗುರುತಿಸುತ್ತಾರೆ. ಮಾಡಿದ್ದು ಹುಣಸೂರಿನ ದೇವರಾಜ ಅರಸು. ಅವರ ಸಂಪುಟದಲ್ಲಿ ಭಟ್ಕಳದವರೂ ಇದ್ದರಲ್ಲ, ಆದರೆ ಗದ್ದೆ ಸಿಕ್ಕಿದ್ದಕ್ಕೆ ಯಾರೂ ಅವರ ಹೆಸರು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಅದು ಇಡೀ ರಾಜ್ಯದ ಕಾನೂನು.

ಕೊಂಕಣ ರೈಲ್ವೆ ತಂದ ಜಾರ್ಜ್ ಫರ್ನಾಂಡಿಸ್ ಮಂಗಳೂರಿನಲ್ಲಿ ಹುಟ್ಟಿದವರು ಹೌದು, ಆದರೆ 1989ರಲ್ಲಿ ರೈಲ್ವೆ ಮಂತ್ರಿಯಾದಾಗ ಅವರ ಕ್ಷೇತ್ರ ಬಿಹಾರದ ಮುಜಫ್ಫರಪುರ. ಮುಂದಿನ ವರ್ಷ ನಿಗಮ ಹುಟ್ಟಿತು, ಇ. ಶ್ರೀಧರನ್ ಕಟ್ಟಿದರು, 1998ರಲ್ಲಿ ಪೂರ್ತಿ ಮಾರ್ಗದಲ್ಲಿ ರೈಲು ಓಡಿತು. ಆ ಮಾರ್ಗದ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಮೀರಿದ್ದು, ಹೊನ್ನಾವರದ ಶರಾವತಿಯ ಮೇಲಿದೆ. ಹೊನ್ನಾವರದ ಒಂದು ಮತವೂ ಫರ್ನಾಂಡಿಸರಿಗೆ ಬಿದ್ದಿರಲಿಲ್ಲ. ಇತ್ತ ಹುಬ್ಬಳ್ಳಿ–ಅಂಕೋಲಾ ರೈಲಿಗಾಗಿ ನಮ್ಮವರೇ ಆದ ಎಷ್ಟೋ ಮಂತ್ರಿ ಸಂಸದರು ಭಾಷಣ ಮಾಡಿದ್ದಾರೆ. ಅದು ಕಾಡಿನ ಅನುಮತಿಯ ಕಡತದಲ್ಲೇ ದಶಕ ಕಳೆದಿದೆ.

ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಮಂತ್ರಿ ಅಬ್ದುಲ್ ನಜೀರ್ ಸಾಬ್ ಗುಂಡ್ಲುಪೇಟೆಯವರು. ನೀರು ಸಿಕ್ಕವರು ಅವರ ಊರು ಯಾವುದೆಂದು ಕೇಳಲಿಲ್ಲ. ಇದು ನಮ್ಮಲ್ಲಷ್ಟೇ ಇರುವ ವಿಚಿತ್ರವೂ ಅಲ್ಲ. ಮೆಕ್ಸಿಕೊದಲ್ಲಿ 1921ರಲ್ಲಿ ಶಿಕ್ಷಣ ಮಂತ್ರಿಯಾದ ಹೊಸೆ ವಾಸ್ಕೊನ್ಸೆಲೋಸ್ ಓಹಾಕಾದಲ್ಲಿ ಹುಟ್ಟಿದವರು. ಮೂರೇ ವರ್ಷದ ಅಧಿಕಾರದಲ್ಲಿ ದೇಶದ ಹಳ್ಳಿಗಳಿಗೆ ಶಾಲೆ, ಗ್ರಂಥಾಲಯ, ಮೇಷ್ಟ್ರುಗಳನ್ನು ಕಳಿಸಿದರು, ಸರ್ಕಾರಿ ಕಟ್ಟಡದ ಗೋಡೆಗಳನ್ನು ಡಿಯೇಗೊ ರಿವೇರಾನಂಥ ಚಿತ್ರಕಾರರಿಗೆ ಬಿಟ್ಟುಕೊಟ್ಟರು. ಹುಟ್ಟೂರಿಗೆ ಏನು ತಂದರೆಂಬ ಲೆಕ್ಕದಲ್ಲಿ ಅವರನ್ನು ಅಲ್ಲಿ ಯಾರೂ ಅಳೆಯುವುದಿಲ್ಲ.

ನನಗೆ ಗೊತ್ತಿದೆ, ಈ ಹೊತ್ತಿಗೆ ಓದುಗರೊಬ್ಬರು ಪತ್ರಿಕೆ ಮಡಚಿ ‘ಹಾಸನ ನೋಡಿ, ಶಿವಮೊಗ್ಗ ನೋಡಿ’ ಎನ್ನುತ್ತಿರುತ್ತಾರೆ. ಇದು ಎದುರಾಳಿಗಳ ಗಟ್ಟಿ ವಾದ, ತಳ್ಳಿಹಾಕುವಂಥದಲ್ಲ. ಶಿವಮೊಗ್ಗಕ್ಕೆ 2023ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣ ಬಂತು, ಹಾಸನಕ್ಕೂ ಬಂದದ್ದು ಕಡಿಮೆಯೇನಲ್ಲ. ಆದರೆ ಅಲ್ಲಿ ಕೆಲಸ ಮಾಡಿದ್ದು ಮಂತ್ರಿಗಿರಿಯಲ್ಲ. ಯಡಿಯೂರಪ್ಪ ಮುಖ್ಯಮಂತ್ರಿ, ಪಕ್ಷವೇ ಅವರ ಸುತ್ತ. ದೇವೇಗೌಡರು ಮುಖ್ಯಮಂತ್ರಿ, ಪ್ರಧಾನಿ, ಪಕ್ಷವೇ ಅವರದು. ರಾಜ್ಯದ ಬೊಕ್ಕಸದ ಬೀಗ ಅವರ ಕೈಯಲ್ಲಿತ್ತು. ಮೂವತ್ತು ಮೂವತ್ತೆರಡು ಮಂತ್ರಿಗಳಲ್ಲಿ ಒಬ್ಬನಾಗಿ ಮೀನುಗಾರಿಕೆ ಖಾತೆ ಹಿಡಿದವನ ಹತ್ತಿರ ಆ ಬೀಗ ಇರುವುದಿಲ್ಲ. ಹಾಗಾದರೆ ನಮಗೂ ಮುಖ್ಯಮಂತ್ರಿ ಬೇಕೆನ್ನುತ್ತೀರಾ? ಬಂದಿದ್ದರಲ್ಲ. ರಾಮಕೃಷ್ಣ ಹೆಗಡೆ 1983ರಲ್ಲಿ ಗೆದ್ದದ್ದು ಕನಕಪುರದ ಉಪಚುನಾವಣೆಯಲ್ಲಿ, 1985ರಲ್ಲಿ ಬಸವನಗುಡಿಯಲ್ಲಿ. ಹುಟ್ಟಿದ ಜಿಲ್ಲೆಗೆ ಅವರು ಕೊಟ್ಟದ್ದಕ್ಕೆ ಕಲ್ಲಿನ ಫಲಕವಿಲ್ಲ. ಅದರ ಮಾತಿಗೆ ಆಮೇಲೆ ಬರುತ್ತೇನೆ.

‘ಉಡುಪಿ, ಮಂಗಳೂರು ನೋಡಿ’ ಎನ್ನುವವರು ಇನ್ನೂ ಹೆಚ್ಚು. ಅವರ ವಾದವೇ ಅವರಿಗೆ ತಿರುಗುಬಾಣ. ಹೃದಯಾಘಾತವಾದರೆ ನಾವು ಓಡುವುದು ಮಣಿಪಾಲಕ್ಕೆ. ಅಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದ ಡಾ. ಟಿ.ಎಂ.ಎ. ಪೈ ಯಾವ ಸರ್ಕಾರದಲ್ಲೂ ಮಂತ್ರಿಯಾಗಿರಲಿಲ್ಲ. ಆ ಜಿಲ್ಲೆಯ ಬ್ಯಾಂಕುಗಳನ್ನು ಕಟ್ಟಿದವರು ವಕೀಲರು, ವ್ಯಾಪಾರಿಗಳು, ವೈದ್ಯರು. ನಮ್ಮಲ್ಲೂ ನಿಂತು ಉಳಿದದ್ದು ಹಾಗೆ ಬಂದದ್ದೇ. ಭಟ್ಕಳದಲ್ಲಿ ಅಂಜುಮನ್ 1919ರಲ್ಲಿ ಹುಟ್ಟಿತು, ಶಾಲೆಯಿಂದ ಎಂಜಿನಿಯರಿಂಗ್ ಕಾಲೇಜಿನವರೆಗೆ ಬೆಳೆಯಿತು. ಕುಮಟೆಯ ಕಾಲೇಜು ಮುಂಬಯಿಯ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗಾ ಅವರ ಹೆಸರು ಹೊತ್ತಿದೆ. ಮುರ್ಡೇಶ್ವರದ ಗೋಪುರ, ಆಸ್ಪತ್ರೆ, ಪಾಲಿಟೆಕ್ನಿಕ್ ಅದೇ ಊರಲ್ಲಿ ಹುಟ್ಟಿದ ಗುತ್ತಿಗೆದಾರ ಆರ್.ಎನ್. ಶೆಟ್ಟಿ ಅವರದು. ಇನ್ನು ದಿನಕರ ದೇಸಾಯಿ! ರೈತರನ್ನು ಸಂಘಟಿಸಿ ಗಡೀಪಾರಾದವರು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಬಡಮಕ್ಕಳಿಗೆ ಹೈಸ್ಕೂಲು ಕಾಲೇಜು ತೆರೆದವರು, 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಗೆದ್ದವರು. ಒಂದು ದಿನವೂ ಮಂತ್ರಿಯಾಗಲಿಲ್ಲ. ಈ ಜಿಲ್ಲೆಯ ಮಂತ್ರಿಗಳನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೂ ದೇಸಾಯರ ತಟ್ಟೆ ಮೇಲೇಳುವುದಿಲ್ಲ.

ಆಸ್ಪತ್ರೆಯ ಮಾತು ಬಂತಲ್ಲ, ಅದನ್ನು ಹಾಗೇ ಬಿಡಲಾಗದು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆ ಓಡುತ್ತಿದ್ದ ಆಂಬುಲೆನ್ಸು ಬೈಂದೂರು ಬಳಿಯ ಶಿರೂರು ಟೋಲಿನಲ್ಲಿ ಮಗುಚಿತು. ನಾಲ್ವರು ಸತ್ತರು. ಆ ದೃಶ್ಯವನ್ನು ದೇಶವೇ ಮೊಬೈಲಿನಲ್ಲಿ ನೋಡಿತು. ‘ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ’ ಎಂಬ ಕೂಗೆದ್ದಿತು, ಕುಮಟೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಮಾತು ಬಂತು. ಆ ದಿನ ಈ ಜಿಲ್ಲೆಯಿಂದ ಅಧಿಕಾರದಲ್ಲಿ ಯಾರಿದ್ದರು? ವಿಧಾನಸಭೆಯ ಅಧ್ಯಕ್ಷರು ನಮ್ಮವರು, ಕಾರ್ಮಿಕ ಮಂತ್ರಿ ನಮ್ಮವರು, ದಿಲ್ಲಿಯಲ್ಲಿ ಮಾಜಿ ಕೇಂದ್ರಮಂತ್ರಿ ನಮ್ಮ ಸಂಸದರು. ಮೂವರೂ ಇದ್ದೂ ಆಂಬುಲೆನ್ಸು ಜಿಲ್ಲೆ ದಾಟಿ ಓಡಬೇಕಿತ್ತು.

ಕುಮಟೆಯವರಿಗಾದರೂ ಈ ಭ್ರಮೆ ಇರಬಾರದು. ಅವರ ದೊಡ್ಡ ಗೆಲುವು ಒಂದು ಯೋಜನೆ ಬರದಂತೆ ತಡೆದದ್ದು. ತದಡಿಯಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ತರುವ ಪ್ರಸ್ತಾಪವಿತ್ತು. ಅಘನಾಶಿನಿಯ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬಿತ್ತುವವರು, ಇಳಿತದ ಹೊತ್ತು ಮೊಣಕಾಲುದ್ದದ ಕೆಸರಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು, ಅವರ ಜತೆ ನಿಂತ ವಿಜ್ಞಾನಿಗಳು ಎಲ್ಲರೂ ಸೇರಿ ವಿರೋಧಿಸಿದರು. ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ ಅದೇ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಹೋರಾಟದ ಕಾಲದಲ್ಲಿ ಕುಮಟೆಗೆ ‘ಬಲಿಷ್ಠ’ ಮಂತ್ರಿಯೊಬ್ಬ ಇದ್ದಿದ್ದರೆ ಸ್ಥಾವರವನ್ನು ತಾನೇ ತಂದೆನೆಂದು ಫಲಕ ನೆಡುತ್ತಿದ್ದ ಎಂಬ ಅನುಮಾನ ನನಗಿದೆ. ಅಭಿವೃದ್ಧಿ ಎಂಬುದಕ್ಕೆ ಕಾಂಕ್ರೀಟಿನ ಹೊರತು ಬೇರೆ ಆಕಾರ ಕಾಣದವರ ಕೈಗೆ ಅಧಿಕಾರ ಸಿಕ್ಕರೆ ಅಳಿವೆಗಳಿಗೆ ಅಪಾಯವೇ.

ಈಗ ಹೆಗಡೆಯವರು ಕೊಟ್ಟದ್ದಕ್ಕೆ ಬರೋಣ. 1983ರಲ್ಲಿ ಅವರ ಸರ್ಕಾರ, ನಜೀರ್ ಸಾಬರ ಹಟದಿಂದ, ಜಿಲ್ಲಾ ಪರಿಷತ್ತುಗಳ ಕಾನೂನು ಮಾಡಿತು. 1987ರಲ್ಲಿ ಚುನಾವಣೆ ನಡೆಯಿತು. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಸಣ್ಣ ರಸ್ತೆಗಳ ಹಣ ಬೆಂಗಳೂರಿನ ಕಡತ ಬಿಟ್ಟು ಜಿಲ್ಲೆಯಲ್ಲಿ ಆಯ್ಕೆಯಾದವರ ಕೈಗೆ ಬಂತು. ಮಂತ್ರಿಯ ಬಾಗಿಲು ಕಾಯುವುದನ್ನೇ ಬೇಡವಾಗಿಸುವ ವ್ಯವಸ್ಥೆ ಅದು. ಅದಕ್ಕೇ ಇರಬೇಕು, ಆಮೇಲೆ ಬಂದ ಯಾವ ಪಕ್ಷಕ್ಕೂ ಅದು ರುಚಿಸಲಿಲ್ಲ.

ಆ ಪರಿಷತ್ತುಗಳ ಜಾಗಕ್ಕೆ ಬಂದ ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಎರಡೂ ಪಕ್ಷಗಳ ಸರ್ಕಾರಗಳು ವರ್ಷಗಳನ್ನು ದೂಡಿದವು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕು ಪಂಚಾಯಿತಿಗಳಲ್ಲಿ ಆಯ್ಕೆಯಾದ ಒಬ್ಬ ಸದಸ್ಯನೂ ಇಲ್ಲದೆ ಆಡಳಿತಾಧಿಕಾರಿ ಕೂತರು. ಶಾಲೆಯ ಛಾವಣಿ ಸೋರಿದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದಿದ್ದರೆ ಕೇಳಬೇಕಾದ ಕುರ್ಚಿ ಖಾಲಿ ಬಿದ್ದಿತು. ಅದಕ್ಕಾಗಿ ಈ ಮೂರು ಊರುಗಳಲ್ಲಿ ಒಂದು ಬಂದ್ ನಡೆದದ್ದನ್ನು ನಾನು ಕಾಣಲಿಲ್ಲ, ಒಂದು ನಿಯೋಗ ಬೆಂಗಳೂರಿಗೆ ಹೊರಟದ್ದನ್ನೂ ಕಾಣಲಿಲ್ಲ. ಮಂತ್ರಿಗಿರಿ ಕೈತಪ್ಪಿದೆ ಎಂಬ ಗಾಳಿಸುದ್ದಿಗೆ ಮಾತ್ರ ರಸ್ತೆಯಲ್ಲಿ ಟೈರು ಸುಡಲು ಜನ ಸಿದ್ಧ.

ಮುಂದಿನ ಸಲ ಸಂಪುಟದ ಪಟ್ಟಿ ಹೊರಬೀಳುವ ಮುನ್ನ ನಮ್ಮ ಸಂಘ ಸಂಸ್ಥೆಗಳು ಮನವಿ ಪತ್ರ ಬರೆಯಲು ಕೂರುತ್ತವೆ. ಬರೆಯಿರಿ. ಆದರೆ ಮೊದಲ ಸಾಲಿನಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿ ಚುನಾವಣೆಯ ದಿನಾಂಕ ಕೇಳಿ. ಎರಡನೆಯ ಸಾಲಿನಲ್ಲಿ ಟೊಂಕದ ಒಪ್ಪಂದದ ಪ್ರತಿಯನ್ನು ಕನ್ನಡದಲ್ಲಿ ಊರಿನವರ ಕೈಗೆ ಕೊಡಿ ಎಂದು ಕೇಳಿ. ಯಾರನ್ನು ಮಂತ್ರಿ ಮಾಡಬೇಕೆಂಬುದನ್ನು ಮುಖ್ಯಮಂತ್ರಿಗಳೇ ನೋಡಿಕೊಳ್ಳಲಿ.